ಗರಿ ಬಿತ್ತು, ಕರೆಂಟು ಹೋಯ್ತು

ಅರಸೀಕೆರೆಯಲ್ಲಿ ಕರೆಂಟು ಹೋಗುವುದಕ್ಕೆ ಗುಡುಗು ಸಿಡಿಲೇ ಬೇಕೆಂದಿಲ್ಲ, ಒಣಗಿದ ತೆಂಗಿನ ಗರಿಯೊಂದು ಮನಸ್ಸು ಮಾಡಿದರೆ ಸಾಕು. ತಿಂಗಳುಗಟ್ಟಲೆ ಸುಮ್ಮನೆ ಜೋತುಬಿದ್ದಿದ್ದ ಗರಿ ಯಾವುದೋ ಮಧ್ಯಾಹ್ನ ಸಣ್ಣ ಗಾಳಿಗೆ ಕಳಚಿಕೊಂಡು ತಂತಿಯ ಮೇಲೆ ಬೀಳುತ್ತದೆ. ಎರಡು ತಂತಿ ಒಂದಕ್ಕೊಂದು ತಾಗಿ ಚಟ್ ಎನ್ನುತ್ತದೆ. ಬೀದಿಗೆ ಬೀದಿಯೇ ಸುಮ್ಮನಾಗುತ್ತದೆ. ಬೇಲೂರಿನ ಕಡೆಗೆ ಹೋದರೆ ಕಾರಣ ಬೇರೆ. ಅದು ಮಲೆನಾಡಿನ ಹೊಸ್ತಿಲು. ಜೂನ್ ಜುಲೈನಲ್ಲಿ ಹಿಡಿದ ಮಳೆ ಬಿಡುವುದಿಲ್ಲ, ಕಾಫಿ ತೋಟದ ಮರಗಳು ಕಂಬದ ಸಮೇತ ಮಲಗುತ್ತವೆ. ಹಳೇಬೀಡು ಇವೆರಡರ ಮಧ್ಯೆ ಇರುವುದರಿಂದ ಅಲ್ಲಿಯವರಿಗೆ ಎರಡೂ ಕಾರಣಗಳ ಲಾಭವಿದೆ.

ಕರೆಂಟು ಹೋದಾಗ ನಮ್ಮವರು ಮೊದಲು ಮಾಡುವ ಕೆಲಸ ಬಾಗಿಲಿಗೆ ಬಂದು ಪಕ್ಕದ ಮನೆ ನೋಡುವುದು. ಅಲ್ಲೂ ಇಲ್ಲ ಎಂದು ಖಾತ್ರಿಯಾದರೆ ಅರ್ಧ ಸಮಾಧಾನ. ಅಲ್ಲಿ ಮಾತ್ರ ದೀಪ ಉರಿಯುತ್ತಿದ್ದರೆ ಫ್ಯೂಸ್ ಹೋದ ಸಂಕಟಕ್ಕಿಂತ ಅದೇ ದೊಡ್ಡ ಸಂಕಟ. ಆಮೇಲೆ ಲೈನ್‌ಮ್ಯಾನ್‌ಗೆ ಫೋನು. ಅವನದು ಎಂಗೇಜು. ಊರಿನ ಅರ್ಧ ಜನ ಅವನಿಗೇ ಮಾಡುತ್ತಿರುವಾಗ ಇನ್ನೇನಾದೀತು? ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಸಿದ, 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಹಾಕಿಸಿದ ನಾಡು ಇದು. ಹಾಗಂತ ಗರಿಗೆ ಯಾರಾದರೂ ತಿಳಿಸಿ ಹೇಳಬೇಕು.

ಹಿಂದೆ ಕರೆಂಟು ಹೋದರೆ ಹೋಗುತ್ತಿದ್ದದ್ದು ಬೆಳಕು, ಮತ್ತೆ ಹಿಟ್ಟಿನ ಗಿರಣಿ. ಅರೆದ ಹಿಟ್ಟು ಚೀಲದಲ್ಲಿ, ಅರೆಯದ ರಾಗಿ ಹಾಪರ್‌ನಲ್ಲಿ, ಎಲ್ಲ ಕಣ್ಣಿಗೆ ಕಾಣುತ್ತಿತ್ತು. ಈಗ ಪಹಣಿ, ಜಾತಿ ಪ್ರಮಾಣಪತ್ರ, ಕೊಬ್ಬರಿ ಟೆಂಡರು, ಲಗ್ನಪತ್ರಿಕೆ ಎಲ್ಲವೂ ಕಂಪ್ಯೂಟರಿನ ಒಳಗೆ. ನಮ್ಮ ರಾಜ್ಯ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿ, ಒಂದಕ್ಕೆ 15 ರೂಪಾಯಿಯಂತೆ ತಾಲ್ಲೂಕು ಕಚೇರಿಯಲ್ಲಿ ಕೊಡಲು ಶುರುಮಾಡಿ ಎರಡು ದಶಕ ಕಳೆಯಿತು. ಆ ಕಡೆ ‘ಸರ್ವರ್ ಡೌನ್’ ಅನ್ನುವುದು ನಮ್ಮ ಅಜ್ಜಂದಿರಿಗೂ ಬಾಯಿಪಾಠವಾಯಿತು.

ಅದಕ್ಕೂ ಹಿಂದೆ ಜಮೀನಿನ ಲೆಕ್ಕ ಶಾನುಭೋಗರ ಕಡತದಲ್ಲಿರುತ್ತಿತ್ತು. ಈ ಕಡತ ಅನ್ನುವುದೇ ಒಂದು ಸೊಗಸು. ಬಟ್ಟೆಗೆ ಇದ್ದಿಲ ಪುಡಿ, ಹುಣಸೆಬೀಜದ ಅಂಟು ಬಳಿದು ಕರ್‍ರಗೆ ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚುವುದು. ಬರೆಯುವುದು ಬಳಪದಲ್ಲಿ. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದು, ಹಳತಾದರೆ ಮತ್ತೆ ಮಸಿ ಬಳಿಯಬಹುದು. ಆ ಬಳಪ ಯಾವ ಜಾತಿಯ ಕಲ್ಲೋ, ಹಳೇಬೀಡು ಬೇಲೂರಿನ ಗುಡಿಗಳ ಕಲ್ಲೂ ಅದೇ ಜಾತಿ. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿ. ಒಂದೇ ಕಲ್ಲಿನ ಒಂದು ಚೂರು ಕಪ್ಪು ಬಟ್ಟೆಯ ಮೇಲೆ ಎರಡು ದಿನದ ಲೆಕ್ಕ ಬರೆಯಿತು, ಇನ್ನೊಂದು ಚೂರು ಮದನಿಕೆಯಾಗಿ 900 ವರ್ಷ ನಿಂತಿತು.

ಕಡತ ನೆನಪಾದದ್ದು ಸುಮ್ಮನೆ ಅಲ್ಲ. ಈಗ ಎಲ್ಲರ ಕಂಪ್ಯೂಟರಿನಲ್ಲೂ ಬಂದು ಕೂತಿರುವ ಎಸ್‌ಎಸ್‌ಡಿ ಅನ್ನುವ ಚಪ್ಪಟೆ ಡಬ್ಬಿಯ ಒಳಗಿರುವುದೂ ಒರೆಸಿ ಬರೆಯುವ ವ್ಯವಹಾರವೇ. ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ ಮತ್ತು ಅವರ ತಂಡ 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಶ್ ಮೆಮೊರಿ ಅದರ ಮೂಲ. ಒಂದೊಂದು ಸಣ್ಣ ಕೋಶದೊಳಗೆ ಎಲೆಕ್ಟ್ರಾನುಗಳನ್ನು ಕೂಡಿಹಾಕುವುದು, ಎಷ್ಟು ಕೂಡಿಹಾಕಿದ್ದೇವೆ ಅನ್ನುವುದರ ಮೇಲೆ ಸೊನ್ನೆಯೋ ಒಂದೋ ಎಂದು ಓದುವುದು. ಆದರೆ ಶಾನುಭೋಗರು ಒಂದು ಸಾಲು ಒರೆಸಿ ಒಂದು ಸಾಲು ಬರೆಯುತ್ತಿದ್ದರು. ಇದಕ್ಕೆ ಆ ಸ್ವಾತಂತ್ರ್ಯವಿಲ್ಲ. ಬರೆಯುವುದು ಒಂದೊಂದು ಪುಟವಾಗಿ, ಒರೆಸುವುದು ನೂರಾರು ಪುಟಗಳ ಕಟ್ಟನ್ನು ಒಟ್ಟಿಗೆ. ಹಾಗಾಗಿ ನೀವು ಹಳೆಯ ಫೈಲನ್ನು ತಿದ್ದಿ ಸೇವ್ ಮಾಡಿದಾಗ ಅದು ಹಳೆಯ ಜಾಗವನ್ನು ಮುಟ್ಟುವುದೇ ಇಲ್ಲ. ಹೊಸ ಜಾಗದಲ್ಲಿ ಬರೆದು, ‘ಇಂಥದ್ದು ಈಗ ಇಲ್ಲಿದೆ’ ಎಂದು ತನ್ನ ಪಟ್ಟಿಯಲ್ಲಿ ತಿದ್ದಿಕೊಳ್ಳುತ್ತದೆ. ಈ ಪಟ್ಟಿ ಸಣ್ಣದಲ್ಲ, 1 ಟಿಬಿ ಡ್ರೈವಿಗೆ ಸುಮಾರು 1 ಜಿಬಿಯಷ್ಟಾಗುತ್ತದೆ. ಬೇಗ ಸಿಗಲೆಂದು ಅದರ ಚಾಲ್ತಿ ಪ್ರತಿ ಇರುವುದು ಕರೆಂಟು ಇರುವವರೆಗೆ ಮಾತ್ರ ನೆನಪಿಟ್ಟುಕೊಳ್ಳುವ ರ್‍ಯಾಮಿನಲ್ಲಿ. ಅಕ್ಷರವೆಲ್ಲ ಸರಿಯಾಗಿದ್ದು ಪಟ್ಟಿ ಹೋದರೆ ಶಾನುಭೋಗರು ಊರು ಬಿಟ್ಟಂತೆಯೇ ಸರಿ.

ಅರಸೀಕೆರೆಯಲ್ಲಿ ನಮ್ಮ ಭಾವನದೊಂದು ಅಂಗಡಿ ಇದೆ. ಜೆರಾಕ್ಸು, ಡಿಟಿಪಿ, ಅರ್ಜಿ ತುಂಬಿಕೊಡುವುದು, ಮದುವೆ ಸೀಸನ್ನಿನಲ್ಲಿ ಲಗ್ನಪತ್ರಿಕೆ. ಹಳೆಯ ಕಂಪ್ಯೂಟರು ಆನ್ ಮಾಡಿ ಕಾಫಿ ಕುಡಿದು ಬರುವ ಅಭ್ಯಾಸವಿದ್ದವರು ಎಸ್‌ಎಸ್‌ಡಿ ಹಾಕಿಸಿದ ದಿನ ಊರಿಗೆಲ್ಲ ಹೇಳಿಕೊಂಡು ಬಂದರು. “ಗುಂಡಿ ಒತ್ತಿ ಕೈ ತೆಗೆಯೋದ್ರೊಳಗೆ ರೆಡಿ ಕಣಯ್ಯಾ!” ಮೇಜಿನ ಕೆಳಗೆ ಯುಪಿಎಸ್ ಕೂಡ ಇದೆ. ಇದೆ ಅಂದರೆ ಕಾಲಿಟ್ಟುಕೊಳ್ಳಲು ಅನುಕೂಲವಾಗಿ ಇದೆ. ಅದರ ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಕರೆಂಟು ಹೋದರೆ ಕುಂಯ್ ಎಂದು ಒಂದೇ ಸಲ ಕೂಗಿ ಅದೂ ಹೋಗುತ್ತದೆ. ನಮ್ಮೂರ ಅಂಗಡಿಗಳಲ್ಲಿ ಮೇಜಿನಡಿ ಬಗ್ಗಿ ನೋಡಿ, ಹತ್ತರಲ್ಲಿ ಏಳು ಯುಪಿಎಸ್‌ಗಳ ಕೆಲಸ ಪ್ಲಗ್ ಪಾಯಿಂಟು ಸಾಲದೆ ಹೋದಾಗ ಎಕ್ಸ್‌ಟೆನ್ಷನ್ ಬಾಕ್ಸ್ ಆಗಿ ಒದಗುವುದು.

ಒಂದು ಸಂಜೆ ಭಾವ ಒಂದು ಲಗ್ನಪತ್ರಿಕೆ ಮುಗಿಸಿದರು. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು, ಸುಖಾಗಮನ ಬಯಸುವ ಸೋದರಮಾವಂದಿರ ಸೈನ್ಯ, ಎಲ್ಲರ ಹೆಸರೂ ಅವರವರ ಹಿರಿತನದ ಕ್ರಮದಲ್ಲಿ ಕೂತಿತ್ತು. ಸೇವ್ ಒತ್ತಿದರು. ಪರದೆಯ ಮೇಲೆ ‘ಸೇವ್ ಆಯಿತು’ ಎಂದು ಬಂತು. ಆಗ ಕರೆಂಟು ಹೋಯ್ತು. ಬಂತು. ಮತ್ತೆ ಹೋಯ್ತು. ಆಮೇಲೆ ನಿಜವಾಗಿ ಬಂತು. ಕಂಪ್ಯೂಟರು ಆನ್ ಆಯಿತು. ಫೈಲು ಇದೆ, ಹೆಸರು ಸರಿಯಾಗಿದೆ, ಸೈಜೂ ಸರಿಯಾಗಿದೆ. ತೆರೆದರೆ ಒಳಗೆ ಬರೀ ಸೊನ್ನೆ. ಸೋದರಮಾವಂದಿರಲ್ಲಿ ಒಬ್ಬನೂ ಉಳಿದಿರಲಿಲ್ಲ.

“ಸೇವ್ ಆಯ್ತು ಅಂತ ಅದೇ ಹೇಳ್ತಲ್ಲಯ್ಯಾ, ನಾನೇನು ಸುಳ್ಳು ಹೇಳಿದ್ನಾ?” ಎಂದರು ಭಾವ.

ಸುಳ್ಳು ಹೇಳಿದ್ದು ಅವರಲ್ಲ. ಈ ಡಬ್ಬಿಗಳ ವೇಗದ ಗುಟ್ಟಿನಲ್ಲಿ ಒಂದು ಪಾಲು ಈ ಸುಳ್ಳಿನಲ್ಲೇ ಇದೆ. ಕಂಪ್ಯೂಟರು ಕೊಟ್ಟದ್ದನ್ನು ಡ್ರೈವು ಮೊದಲು ರ್‍ಯಾಮಿನಲ್ಲಿ ಇಸಿದುಕೊಂಡು ‘ಆಯ್ತು’ ಎಂದುಬಿಡುತ್ತದೆ, ಕೋಶಗಳಿಗೆ ಬರೆಯುವುದು ಬಿಡುವಾದಾಗ. ‘ಹಾಗಲ್ಲ, ನಿಜವಾಗಿ ಬರೆದು ಮುಗಿಸಿ ಹೇಳು’ ಎನ್ನುವ ಆಜ್ಞೆಯೂ ಇದೆ. ಬ್ಯಾಂಕಿನ ಲೆಕ್ಕ ಇಡುವಂಥ ಜಾಗರೂಕ ತಂತ್ರಾಂಶಗಳು ಅದನ್ನು ಕೊಡುತ್ತವೆ. ಲಗ್ನಪತ್ರಿಕೆ ಮಾಡುವ ತಂತ್ರಾಂಶಕ್ಕೆ ಅಷ್ಟೊಂದು ಅನುಮಾನದ ಸ್ವಭಾವ ಇರಬೇಕೆಂದಿಲ್ಲ. ಅದೂ ಅಲ್ಲದೆ ‘ಸೇವ್ ಆಯಿತು’ ಎನ್ನುವ ಮಾತು ಭಾವನವರೆಗೆ ಬರುವಷ್ಟರಲ್ಲಿ ವಿಂಡೋಸ್ ಒಂದು ಕಡೆ, ಡ್ರೈವು ಒಂದು ಕಡೆ, ಇಬ್ಬರೂ ‘ಆಮೇಲೆ ಬರೆದರಾಯ್ತು’ ಎಂದು ಕೈಯಲ್ಲಿಟ್ಟುಕೊಂಡಿರುತ್ತಾರೆ.

ಹಳೆಯ ತಿರುಗುವ ಹಾರ್ಡ್ ಡಿಸ್ಕಿನ ಬಗ್ಗೆ ಇಲ್ಲಿ ಒಂದು ಒಳ್ಳೆಯ ಮಾತು ಹೇಳಲೇಬೇಕು. ನಾವೆಲ್ಲ ಅದನ್ನು ನಿಧಾನ, ಗೊರಗೊರ ಎನ್ನುತ್ತದೆ ಎಂದು ಬೈದು ಗುಜರಿಗೆ ಹಾಕಿದೆವು. ಅದರೊಳಗೆ ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಕಮ್ಮಿ ಎತ್ತರದಲ್ಲಿ ತೇಲುವ ಓದುಮುಳ್ಳು. ಕರೆಂಟು ಹಠಾತ್ತನೆ ಹೋದರೆ ಮುಳ್ಳು ತಟ್ಟೆಗೆ ಬಡಿದು ಗೀರಿಬಿಡಬಹುದು. ಅದಕ್ಕೇ ಅದನ್ನು ಮಾಡಿದವರು ಒಂದು ಉಪಾಯ ಹೂಡಿದ್ದರು. ಕರೆಂಟು ಹೋದರೂ ತಟ್ಟೆ ತಕ್ಷಣ ನಿಲ್ಲುವುದಿಲ್ಲವಲ್ಲ, ಆ ತಿರುಗುವ ರಭಸದಿಂದಲೇ ಮೋಟಾರು ಡೈನಮೋ ಆಗಿ ಚೂರು ಕರೆಂಟು ಹುಟ್ಟಿಸುತ್ತದೆ, ಆ ಚೂರಿನಲ್ಲಿ ಮುಳ್ಳು ಹೋಗಿ ತನ್ನ ಗೂಡಿನಲ್ಲಿ ಕೂರುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಶಬ್ದವಿಲ್ಲ, ಸವಕಳಿ ಕಾಣುವುದಿಲ್ಲ ಎಂದು ಅದನ್ನೇ ಹೊಗಳುತ್ತೇವೆ. ಕರೆಂಟು ಹೋದ ಮೇಲೆ ಓಡಲು ಅದರ ಹತ್ತಿರ ರಭಸವೂ ಇಲ್ಲ.

ಆದ್ದರಿಂದ ಡೇಟಾ ಸೆಂಟರುಗಳಿಗೆಂದು ಮಾಡುವ ದುಬಾರಿ ಎಸ್‌ಎಸ್‌ಡಿಗಳಲ್ಲಿ ಆ ರಭಸವನ್ನು ಬೇರೆ ರೀತಿ ತುಂಬಿಡುತ್ತಾರೆ. ಮುಚ್ಚಳ ಬಿಚ್ಚಿದರೆ ಒಂದು ಅಂಚಿನಲ್ಲಿ ಸಾಲಾಗಿ ಕೂತ ಪುಟ್ಟ ಚೌಕಗಳು ಕಾಣುತ್ತವೆ, ಅವು ಕೆಪಾಸಿಟರುಗಳು. ಹೊರಗಿನ ಕರೆಂಟು ಕುಸಿಯಿತು ಎಂದು ಗೊತ್ತಾದ ಕೂಡಲೇ ಡ್ರೈವು ಹೊಸ ಕೆಲಸ ಇಸಿದುಕೊಳ್ಳುವುದನ್ನು ನಿಲ್ಲಿಸಿ, ಈ ಚೌಕಗಳ ಶಕ್ತಿಯಲ್ಲಿ ರ್‍ಯಾಮಿನಲ್ಲಿದ್ದದ್ದನ್ನೆಲ್ಲ, ಪಟ್ಟಿಯನ್ನೂ ಸೇರಿಸಿ, ಕೋಶಗಳಿಗೆ ಸುರಿದು ಕಣ್ಣು ಮುಚ್ಚುತ್ತದೆ. ಸಿಗುವ ಹೊತ್ತು ಕೆಲವು ಹತ್ತು ಮಿಲಿಸೆಕೆಂಡು. ಅರಸೀಕೆರೆ ಜಂಕ್ಷನ್ನಿನಲ್ಲಿ ಮೈಸೂರು ಗಾಡಿ ಸೀಟಿ ಹಾಕಿದಾಗ ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ಗಂಟಲಿಗೆ ಸುರಿದು, ಲೋಟ ಕುಕ್ಕಿ, ಓಡಿ ಹತ್ತುವವರನ್ನು ನೋಡಿದ್ದೀರಲ್ಲ, ಅಂಥ ಅವಸರ. ಅಷ್ಟು ಹೊತ್ತು ಸಾಕು. ನಮ್ಮ ಅಂಗಡಿಗಳಿಗೆ ಬರುವ ಅಗ್ಗದ ಡ್ರೈವುಗಳಲ್ಲಿ ಇರದಿರುವುದು ಆ ಒಂದು ಗುಟುಕಿನ ಹೊತ್ತು.

ಆಗ ಬರೆಯುತ್ತಿದ್ದ ಫೈಲು ಹೋದರೆ ಹೋಗಲಿ, ಮತ್ತೆ ಮಾಡಿದರಾಯಿತು ಎನ್ನಬಹುದು. ಭಾವನೂ ಹಾಗೇ ಅಂದರು. ಮುಂದಿನದು ಕೇಳಿ. ಜಾಗ ಉಳಿಸಲೆಂದು ಒಂದೇ ಕೋಶದಲ್ಲಿ ಎರಡು, ಮೂರು, ನಾಲ್ಕು ಬಿಟ್ ತುರುಕುತ್ತಾರೆ. ಮೊದಲ ಬಿಟ್ ನಿನ್ನೆಯದು, ಎರಡನೆಯದು ಇಂದಿನದು ಆಗಿರಬಹುದು. ಇಂದಿನದನ್ನು ಬರೆಯುವಾಗ ಅದೇ ಕೋಶದ ಎಲೆಕ್ಟ್ರಾನುಗಳನ್ನು ಮತ್ತೆ ಕದಲಿಸಬೇಕು. ಕದಲಿಸುವ ನಡುವೆ ಕರೆಂಟು ಹೋದರೆ ಇಂದಿನದರ ಜೊತೆ ನಿನ್ನೆ ಭದ್ರವಾಗಿ ಬರೆದಿಟ್ಟದ್ದೂ ಕೆಡಬಹುದು. ಅಂದರೆ ಈ ಮದುವೆಯ ಪತ್ರಿಕೆ ಬರೆಯುತ್ತಿದ್ದಾಗ ಹೋದ ಕರೆಂಟು ಹೋದ ವರ್ಷದ ಮದುವೆಯ ಫೋಟೋವನ್ನು ತೆಗೆದುಕೊಂಡು ಹೋಗಬಹುದು. ಯಾವ ಫೋಟೋ ಹೋಯಿತು ಎಂದು ಯಾರೂ ಹೇಳುವುದಿಲ್ಲ. ದಂಪತಿಗಳು ಬಂದು ಕೇಳಿದ ದಿನ ಗೊತ್ತಾಗುತ್ತದೆ.

ಇದು ಬರೀ ನಮ್ಮೂರ ಗರಿಯ ಗ್ರಹಚಾರವಲ್ಲ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಎಚ್‌ಪಿ ಲ್ಯಾಬ್ಸ್‌ನವರು 15 ಎಸ್‌ಎಸ್‌ಡಿಗಳನ್ನು ತಂದು, ಬರೆಯುತ್ತಿರುವಾಗ ಬೇಕೆಂದೇ ಮತ್ತೆ ಮತ್ತೆ ಕರೆಂಟು ಕಿತ್ತು ನೋಡಿದರು. 2013ರಲ್ಲಿ ಅದರ ವರದಿ ಬಂತು. 15ರಲ್ಲಿ 13 ಒಂದಲ್ಲ ಒಂದು ರೀತಿ ಕೈಕೊಟ್ಟಿದ್ದವು. ಒಂದು ಪೂರ್ತಿ ಸತ್ತಿತು. ಇನ್ನೊಂದು ತನ್ನಲ್ಲಿದ್ದುದರ ಸುಮಾರು ಮೂರನೇ ಒಂದು ಭಾಗ ನುಂಗಿಕೊಂಡು ಬದುಕಿತು. ಇಷ್ಟು ದುಡ್ಡು ಕೊಟ್ಟು ಕರೆಂಟು ತೆಗೆಯಲು ಅವರಿಗೆ ಪ್ರಯೋಗಾಲಯ ಬೇಕಾಯಿತು ಅನ್ನುವುದು ನಮ್ಮ ಭಾವನ ಅಚ್ಚರಿ. ಇನ್ನೂ ತಮಾಷೆಯ ಸಂಗತಿ 2011ರದ್ದು. ಇಂಟೆಲ್ ಕಂಪನಿ 320 ಎಂಬ ಮಾದರಿಯ ಎಸ್‌ಎಸ್‌ಡಿ ತಂದಿತು. ಕರೆಂಟು ಹೋದರೂ ಡೇಟಾ ಕಾಯುತ್ತದೆ ಎನ್ನುವುದೇ ಅದರ ಹೆಗ್ಗಳಿಕೆ, ಕೆಪಾಸಿಟರುಗಳೂ ಇದ್ದವು. ಕೆಲವು ಡ್ರೈವುಗಳು ಕರೆಂಟು ಹೋಗಿ ಬಂದ ಮೇಲೆ ‘ನನ್ನ ಒಟ್ಟು ಅಳತೆ 8 ಎಂಬಿ’ ಎಂದು ಹೇಳತೊಡಗಿದವು. ನೂರಾರು ಜಿಬಿ ಹೊತ್ತು ಮಲಗಿ 8 ಎಂಬಿಯಾಗಿ ಏಳುವುದು! ಕಂಪನಿ ಅದೇ ವರ್ಷ ಫರ್ಮ್‌ವೇರ್ ತಿದ್ದಿ ಹೊರಬಿಟ್ಟಿತು.

ಇದೆಲ್ಲ ತಲೆಯಲ್ಲಿಟ್ಟುಕೊಂಡು ಹಳೇಬೀಡಿಗೆ ಹೋದರೆ ಗುಡಿ ಬೇರೆಯೇ ಕಾಣುತ್ತದೆ. ಅರಸೀಕೆರೆಯಿಂದ ಜಾವಗಲ್ಲಿನ ಮೇಲೆ ಹಾದು ಹೋಗುವ ದಾರಿ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಕಾರುಗಳು ಹೆಚ್ಚಾಗಿವೆ, ಎಳನೀರಿನ ರೇಟೂ. 1121ರ ಹೊತ್ತಿಗೆ ಶುರುವಾದ ಹೊಯ್ಸಳೇಶ್ವರ ಗುಡಿಯ ಕೆಲಸ ಪೂರ್ತಿ ಮುಗಿಯಲೇ ಇಲ್ಲ ಎಂದು ಗೈಡುಗಳು ಹೇಳುತ್ತಾರೆ. ಕೇಳುವವರು ಅಯ್ಯೋ ಪಾಪ ಎನ್ನುತ್ತಾರೆ. ನನಗೆ ಹೊಯ್ಸಳ ಗುಡಿಗಳಲ್ಲಿ ಬಹಳ ಹಿಡಿಸುವುದೇ ಅಲ್ಲಲ್ಲಿ ಅರ್ಧಕ್ಕೆ ನಿಂತಿರುವ ಆ ಕಲ್ಲುಗಳು. ಇಲ್ಲಿಯವರೆಗೆ ಬಳ್ಳಿ, ಎಲೆ, ಎಲೆಯ ನರ. ಅದರಾಚೆ ಬಳ್ಳಿಯ ಹೊರಗೆರೆ ಮಾತ್ರ. ಅದರಾಚೆ ಮಟ್ಟಸ ಮಾಡಿ ಬಿಟ್ಟ ಬೋಳು ಕಲ್ಲು. ಉಳಿ ಎಲ್ಲಿ ನಿಂತಿತು ಎಂದು ಬೆರಳಿಟ್ಟು ತೋರಿಸಬಹುದು. ರೂವಾರಿ ಸುಸ್ತಾಗಿ ಬಿಟ್ಟನೋ, ದುಡ್ಡು ಕೊಡುವವರು ಬಿಟ್ಟರೋ, 1311ರಲ್ಲಿ ಮಲಿಕ್ ಕಾಫರ್‌ನ ದಂಡು ಬಂದ ಮೇಲೆ ಊರೇ ಬಿಟ್ಟಿತೋ. ಏನೇ ಆಗಲಿ, ಎಡಗಡೆಯ ಮುಗಿದ ಎಲೆ ಬಲಗಡೆ ಕೆಲಸ ನಿಂತಿತೆಂದು ಮಾಯವಾಗಲಿಲ್ಲ. ಮುಗಿಯದ ಕಲ್ಲು ‘ಮುಗಿಯಿತು’ ಎಂದು ಹೇಳಿಕೊಳ್ಳುವುದಿಲ್ಲ.

ಮುಗಿಸಿದವರೂ ಅಷ್ಟೇ ನಿಯತ್ತಿನವರು. ದಾಸೋಜ, ಚಾವಣ, ಮಲ್ಲಿತಮ್ಮ ಎಂದು ಮೂರ್ತಿಯ ಕೆಳಗೆ ಹೆಸರು ಕೊರೆದು ಹೋದರು. ಶಾಸನಗಳಲ್ಲೂ ಬರೆದವನ, ಕಂಡರಿಸಿದವನ ಹೆಸರು ಎಷ್ಟೋ ಸಲ ಕಟ್ಟಕಡೆಗೆ ಬರುತ್ತದೆ. ಹೆಸರು ಇದ್ದರೆ ಕೆಲಸ ಮುಗಿದಿದೆ ಎಂದು ಲೆಕ್ಕ. ಡೇಟಾಬೇಸಿನವರು ಕರೆಂಟು ಹೋಗುವ ಪೀಡೆಗೆ ಕಂಡುಕೊಂಡ ಮದ್ದೂ ಇದೇ. ಏನು ಮಾಡಲಿದ್ದೇವೆ ಎಂದು ಮೊದಲು ಒಂದು ಕಡೆ ಬರೆದುಕೊಳ್ಳುವುದು, ಎಲ್ಲ ಮುಗಿದ ಮೇಲೆ ಕೊನೆಗೊಂದು ಗುರುತು ಹಾಕುವುದು. ಕರೆಂಟು ಬಂದು ಎದ್ದಾಗ ಗುರುತು ಇದ್ದರೆ ಲೆಕ್ಕಕ್ಕೆ ಸೇರಿಸು, ಇಲ್ಲದಿದ್ದರೆ ಅಷ್ಟನ್ನೂ ಎತ್ತಿ ಎಸೆ. ಅರ್ಧ ಜಮೆ ಅರ್ಧ ಖರ್ಚು ಇಲ್ಲ. ಬ್ಯಾಂಕಿನಲ್ಲಿ ನಿಮ್ಮ ದುಡ್ಡು ನಡುದಾರಿಯಲ್ಲಿ ಮಾಯವಾಗದೆ ಇರುವುದು ಈ ಕಂಡರಿಸಿದವನ ರುಜುವಿನಿಂದ. ಆದರೆ ಆ ಗುರುತನ್ನು ‘ಬರೆದೆ’ ಎಂದು ಡ್ರೈವು ಸುಳ್ಳು ಹೇಳಿದರೆ ಪೂರಾ ಶಾಸ್ತ್ರವೇ ಕುಸಿಯಿತು.

ಶಾಸನದವರು ಇನ್ನೊಂದು ರಕ್ಷಣೆಯನ್ನೂ ಇಟ್ಟಿದ್ದರು, ಶಾಪ. ಈ ದತ್ತಿಯನ್ನು ಅಳಿಸಿದವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟಲಿ ಎಂದು. ಯಾವ ಡ್ರೈವಿನ ವಾರಂಟಿಯೂ ಅಷ್ಟು ವರ್ಷದ್ದಲ್ಲ.

ಹಳೇಬೀಡಿನಿಂದ 16 ಕಿಲೋಮೀಟರ್ ಬೇಲೂರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಪಕ್ಕದಲ್ಲೇ ಕಪ್ಪೆ ಚೆನ್ನಿಗರಾಯನ ಗುಡಿ. ಜಕಣಾಚಾರಿ ಕೆತ್ತಿದ ಮೂರ್ತಿಯಲ್ಲಿ ದೋಷವಿದೆ ಎಂದು ಒಬ್ಬ ಹುಡುಗ ಹೇಳಿದ, ಮೈಗೆಲ್ಲ ಗಂಧ ಬಳಿದರು, ಎಲ್ಲ ಕಡೆ ಒಣಗಿದರೂ ಹೊಕ್ಕಳಿನ ಹತ್ತಿರ ಒಣಗಲಿಲ್ಲ, ಅಲ್ಲಿ ಒಡೆದರೆ ನೀರು ಮತ್ತು ಕಪ್ಪೆ, ಜಕಣಾಚಾರಿ ತನ್ನ ಕೈ ಕಡಿದುಕೊಂಡ. ಕತೆ ನಿಜವಲ್ಲ ಎಂದು ವಿದ್ವಾಂಸರು ಎಷ್ಟು ಬರೆದರೂ ಕಪ್ಪೆ ಮಾತ್ರ ಹೋಗುತ್ತಿಲ್ಲ. ಫ್ಲ್ಯಾಶ್ ಕಾರ್ಖಾನೆಗಳಲ್ಲಿ ಈ ಪರೀಕ್ಷೆ ಈಗಲೂ ನಡೆಯುತ್ತದೆ, ಗಂಧ ಬಳಿಯುವುದಿಲ್ಲ ಅಷ್ಟೆ. ಹುಟ್ಟುವಾಗಲೇ ಕೆಟ್ಟಿರುವ ಕೋಶಗಳ ಕಟ್ಟುಗಳು ಪ್ರತಿ ಚಿಪ್ಪಿನಲ್ಲೂ ಇರಬಹುದು. ಅವನ್ನು ಮೊದಲೇ ಗುರುತು ಮಾಡಿ, ಅವುಗಳ ತಂಟೆಗೆ ಹೋಗಬೇಡ ಎಂದು ಡ್ರೈವಿಗೆ ಹೇಳಿರುತ್ತಾರೆ. ಜಕಣಾಚಾರಿಯಂತೆ ಕೈ ಕಡಿದುಕೊಳ್ಳುವ ಪ್ರಮೇಯವಿಲ್ಲ.

ಇದೇ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನದ ಕಲ್ಲಿಗೆ ವಯಸ್ಸು ಸುಮಾರು 1,550 ವರ್ಷ. 16 ಸಾಲು. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಅದನ್ನು ಬೆಳಕಿಗೆ ತರುವವರೆಗೆ ಮಳೆ ಬಿಸಿಲಿಗೆ ನಿಂತೇ ಇತ್ತು. ಕರೆಂಟು ಕೇಳಲಿಲ್ಲ. ಎಸ್‌ಎಸ್‌ಡಿಯ ಲೆಕ್ಕ ಬೇರೆ. ಕೋಶದೊಳಗಿನ ಎಲೆಕ್ಟ್ರಾನುಗಳು ನಿಧಾನವಾಗಿ ಸೋರುತ್ತವೆ, ಸೆಕೆ ಹೆಚ್ಚಿದರೆ ಇನ್ನೂ ಬೇಗ. ಸಾಮಾನ್ಯ ಬಳಕೆಯ ಡ್ರೈವು ತನ್ನ ಬರೆಯುವ ಆಯುಸ್ಸನ್ನೆಲ್ಲ ಮುಗಿಸಿದ ಮೇಲೆ, ಕರೆಂಟಿಲ್ಲದೆ 30 ಡಿಗ್ರಿಯಲ್ಲಿ 1 ವರ್ಷ ನೆನಪಿಟ್ಟುಕೊಂಡರೆ ಸಾಕು ಎನ್ನುವುದು ಜೆಡೆಕ್ ಸಂಸ್ಥೆಯ ನಿಯಮ. ಡೇಟಾ ಸೆಂಟರಿನ ಡ್ರೈವಿಗಾದರೆ 40 ಡಿಗ್ರಿಯಲ್ಲಿ 3 ತಿಂಗಳು. ಹೊಸದು ಇದಕ್ಕಿಂತ ಎಷ್ಟೋ ಹೆಚ್ಚು ತಾಳುತ್ತದೆ. ಆದರೂ ಹಳೆಯ ಡ್ರೈವಿಗೆ ಮದುವೆ ವಿಡಿಯೊ ತುಂಬಿ, ರೇಷ್ಮೆ ಸೀರೆಯ ಮಡಿಕೆಯಲ್ಲಿಟ್ಟು ಬೀರುವಿಗೆ ಬೀಗ ಹಾಕುವವರು ಸೀರೆಯ ಮೇಲೆ ಹೆಚ್ಚು ನಂಬಿಕೆ ಇಡುವುದು ಒಳ್ಳೆಯದು.

ಹಾಗೆಂದು ಕಲ್ಲಿಗೂ ನಕಲು ಬೇಕಾಯಿತು. ಹಲ್ಮಿಡಿಯ ಊರಿನಲ್ಲಿ ಈಗ ನಿಲ್ಲಿಸಿರುವುದು ಫೈಬರ್ ಪ್ರತಿ. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 5ನೇ ಸಂಪುಟವಾಗಿ 1902ರಲ್ಲಿ ಅಚ್ಚು ಹಾಕಿಸಿದರು. ಅವರು ಬೇರೆ ಬೇರೆ ಜಿಲ್ಲೆಗಳಲ್ಲಿ ಓದಿದ ಎಷ್ಟೋ ಕಲ್ಲುಗಳು ಸೈಟು, ರಸ್ತೆ, ಪಾಯಗಳಲ್ಲಿ ಮುಳುಗಿಹೋಗಿವೆ, ಪುಸ್ತಕದಲ್ಲಿ ಮಾತ್ರ ಉಳಿದಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈಗ ಉಳಿದ ಶಾಸನಗಳನ್ನು ಹುಡುಕಿ ಹುಡುಕಿ ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸಾವಿರ ವರ್ಷ ಕರೆಂಟಿಲ್ಲದೆ ಬಾಳಿದ ಅಕ್ಷರ ಕರೆಂಟು ಬೇಡುವ ಡಬ್ಬಿಗಳಿಗೆ ಹೋಗುತ್ತಿದೆ. ತಮಾಷೆಯಾಗಿ ಕಂಡರೂ ನಾನು ಅವರ ಪಕ್ಷವೇ. ಕಲ್ಲು ಇರುವುದು ಒಂದೇ ಕಡೆ, ಜೆಸಿಬಿಗೆ ಅದು ಕಣ್ಣಿಗೆ ಕಾಣುತ್ತದೆ. ನಕಲನ್ನು ಹತ್ತು ಊರಿನಲ್ಲಿಡಬಹುದು.

ಭಾವನಿಗೂ ಅದನ್ನೇ ಹೇಳಿದೆ. ಸರ್ವರಿನ ಡ್ರೈವು ತರಿಸುವ ಗೋಜು ಬೇಡ, ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿ, ಮೂರು ವರ್ಷಕ್ಕೊಮ್ಮೆ ಬದಲಾಯಿಸಿ, ದಿನಾ ಅಂಗಡಿ ಮುಚ್ಚುವಾಗ ಒಂದು ನಕಲು ತೆಗೆದು ಮನೆಗೆ ಒಯ್ಯಿರಿ. ಇಲ್ಲವೇ ಒಂದು ಲ್ಯಾಪ್‌ಟಾಪ್ ತೆಗೆದುಕೊಳ್ಳಿ, ಅದರ ಹೊಟ್ಟೆಯಲ್ಲೇ ಬ್ಯಾಟರಿ ಇರುತ್ತದೆ, ಗರಿ ಬಿದ್ದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಭಾವ ಹೂಂ ಎಂದರು. ಬ್ಯಾಟರಿಯ ರೇಟು ಕೇಳಿ ಇನ್ನೊಂದು ಹೂಂ ಎಂದರು, ಅದು ಮೊದಲಿನದಕ್ಕಿಂತ ಸಣ್ಣದಿತ್ತು. ಆಗ ಒಂದು ಸಣ್ಣ ತಂತ್ರಾಂಶ ಹಾಕಿ ಅವರ ಡ್ರೈವಿನ ಜಾತಕ ತೆಗೆದು ತೋರಿಸಿದೆ. ಎಷ್ಟು ಗಂಟೆ ದುಡಿದಿದೆ, ಎಷ್ಟು ಬರೆದಿದೆ ಎಂಬುದರ ಜೊತೆಗೆ, ಹೇಳದೆ ಕೇಳದೆ ಎಷ್ಟು ಸಲ ಕರೆಂಟು ಹೋಗಿದೆ ಎನ್ನುವುದನ್ನೂ ಅದು ‘ಅನ್‌ಸೇಫ್ ಶಟ್‌ಡೌನ್’ ಎಂಬ ಸಾಲಿನಲ್ಲಿ ತಾನೇ ಎಣಿಸಿಟ್ಟುಕೊಳ್ಳುತ್ತದೆ. ಈ ಒಂದು ವಿಷಯದಲ್ಲಿ ಮಾತ್ರ ಸುಳ್ಳು ಹೇಳುವುದಿಲ್ಲ. ಅಂಕಿ ಮೂರು ಸ್ಥಾನ ದಾಟಿತ್ತು.

ಭಾವ ಕನ್ನಡಕ ಏರಿಸಿ ನೋಡಿದರು. “ಇದನ್ನ ಸೊನ್ನೆ ಮಾಡಕ್ಕೆ ಬರುತ್ತೇನಯ್ಯಾ?”

“ಬರಲ್ಲ ಭಾವ, ಯಾಕೆ?”

“ವಾರಂಟಿ ಇನ್ನೂ ಎರಡು ತಿಂಗಳಿದೆ. ಹಿಂದಕ್ಕೆ ಕೊಟ್ರೆ ಅವರೂ ಇದನ್ನೇ ನೋಡ್ತಾರಲ್ಲ” ಎಂದು, ಹೊರಗೆ ಜೆರಾಕ್ಸಿಗೆ ನಿಂತಿದ್ದವರ ಆಧಾರ್ ಕಾರ್ಡು ಇಸಿದುಕೊಂಡರು.